ಮುಸುವನ ಹೊಟ್ಟೆಯ ಜೀನ್: ನಿಸರ್ಗದ ಆಯ್ಕೆಯ ಗುರುತನ್ನು ಆನ್‌ಲೈನ್‌ನಲ್ಲಿ ಹುಡುಕುವುದು ಹೇಗೆ?

ಬಾದಾಮಿಯ ಗುಹೆಗಳ ಮೆಟ್ಟಿಲ ಮೇಲೆ ಕೈಯಲ್ಲಿನ ಬಾಳೆಹಣ್ಣು ಕಸಿದು ಓಡುವುದು ಮಾಮೂಲಿ ಮಂಗ. ಖಾನಾಪುರದ ಕಾಡಿನ ಕಡೆ ಹೋದರೆ ಇನ್ನೊಂದು ಸಿಗುತ್ತದೆ. ಕಪ್ಪು ಮುಖ, ಉದ್ದ ಬಾಲ, ಮರದ ಮೇಲೆ ಕೂತು ಎಲೆ ತಿನ್ನುವ ಮುಸುವ. ಎರಡೂ ಒಂದೇ ಕುಟುಂಬಕ್ಕೆ ಸೇರಿದವು, ಹೊಟ್ಟೆ ಮಾತ್ರ ಬೇರೆ. ಮುಸುವನ ಹೊಟ್ಟೆಯ ಮುಂಭಾಗದಲ್ಲಿ ಬ್ಯಾಕ್ಟೀರಿಯಾಗಳು ಎಲೆಯ ನಾರನ್ನು ಹುದುಗಿಸುತ್ತವೆ. ಆಮೇಲೆ ಆ ಬ್ಯಾಕ್ಟೀರಿಯಾಗಳನ್ನೇ ಅದು ಅರಗಿಸಿಕೊಳ್ಳುತ್ತದೆ. ನಮ್ಮ ಹಟ್ಟಿಯ ಆಕಳು ಮಾಡುವುದೂ ಇದನ್ನೇ.

ಬ್ಯಾಕ್ಟೀರಿಯಾದ ಗೋಡೆ ಒಡೆಯುವ ಕೆಲಸ ಲೈಸೊಜೈಮ್ ಎಂಬ ಪ್ರೋಟೀನಿನದು. 1922ರಲ್ಲಿ ಅಲೆಕ್ಸಾಂಡರ್ ಫ್ಲೆಮಿಂಗ್ ಗುರುತಿಸಿದ್ದು ಇದನ್ನೇ. ನಮ್ಮ ಕಣ್ಣೀರು, ಜೊಲ್ಲು, ಕೋಳಿಮೊಟ್ಟೆಯ ಬಿಳಿ ಭಾಗ ಎಲ್ಲದರಲ್ಲೂ ಇದೆ. ಅಲ್ಲೆಲ್ಲ ಅದರ ಕೆಲಸ ರಕ್ಷಣೆ. ಮುಸುವ ಮತ್ತು ಆಕಳಿನ ಹೊಟ್ಟೆಯಲ್ಲಿ ಮಾತ್ರ ಅದು ಜೀರ್ಣದ ಕೆಲಸಕ್ಕೆ ಇಳಿದಿದೆ. ಆಮ್ಲದಲ್ಲಿ, ಪ್ರೋಟೀನುಗಳನ್ನು ಕತ್ತರಿಸುವ ಪೆಪ್ಸಿನ್ ನಡುವೆ ಉಳಿದುಕೊಂಡು ದುಡಿಯಬೇಕು. ಈ ಎರಡು ದೂರದ ಪ್ರಾಣಿಗಳ ಲೈಸೊಜೈಮ್‌ನಲ್ಲಿ ಒಂದೇ ಥರದ ಬದಲಾವಣೆಗಳು ಬೇರೆಬೇರೆಯಾಗಿ ಆಗಿವೆ ಎಂದು 1987ರಲ್ಲಿ ಸ್ಟುವರ್ಟ್, ಶಿಲ್ಲಿಂಗ್, ವಿಲ್ಸನ್ ತೋರಿಸಿದರು. 1997ರಲ್ಲಿ ಮೆಸಿಯರ್ ಮತ್ತು ಸ್ಟುವರ್ಟ್ ಅದೇ ಜೀನನ್ನು ಹಲವು ಕೋತಿ, ವಾನರಗಳಲ್ಲಿ (ಬಾಲವಿಲ್ಲದ ಗೊರಿಲ್ಲಾ, ಒರಾಂಗುಟಾನ್‌ನಂಥವು ಇಲ್ಲಿ ವಾನರ) ಹೋಲಿಸಿ, ಎಲೆ ತಿನ್ನುವ ಕೋತಿಗಳ ಪೂರ್ವಜರಲ್ಲಿ ಧನಾತ್ಮಕ ಆಯ್ಕೆಯ, ಅಂದರೆ ಲಾಭದ ಬದಲಾವಣೆಗಳನ್ನು ನಿಸರ್ಗ ಉಳಿಸಿಕೊಂಡದ್ದರ ಗುರುತು ಕಂಡರು.

ಇದೇ ಲೆಕ್ಕವನ್ನು ಇವತ್ತು ನೀವು ಮುಧೋಳದಲ್ಲೋ ಇಂಡಿಯಲ್ಲೋ ಕೂತು ಮಾಡಬಹುದು. ಪ್ರಯೋಗಾಲಯ ಬೇಡ, ದುಡ್ಡು ಬೇಡ. ಒಂದು ಲ್ಯಾಪ್‌ಟಾಪ್, ಮೊಬೈಲ್ ಹಾಟ್‌ಸ್ಪಾಟ್ ಸಾಕು. ಬಿಎಸ್ಸಿ, ಎಂಎಸ್ಸಿ ಪ್ರಾಜೆಕ್ಟಿಗೆ ವಿಷಯ ಹುಡುಕುತ್ತಿರುವವರನ್ನು ಮನಸ್ಸಿನಲ್ಲಿಟ್ಟುಕೊಂಡು ಇದನ್ನು ಬರೆದಿದ್ದೇನೆ. ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಇಲ್ಲಿ ಕಂಪ್ಯೂಟರ್ ಮಾಡುವ ಕೆಲಸ ಸುಲಭ. ಅದಕ್ಕೆ ಏನು ಕೊಡುತ್ತೀರಿ, ಅದು ಕೊಟ್ಟ ಉತ್ತರವನ್ನು ಎಷ್ಟು ಅನುಮಾನದಿಂದ ನೋಡುತ್ತೀರಿ ಎನ್ನುವುದೇ ಕಷ್ಟದ ಭಾಗ.

ಒಮೆಗಾ ಅಂದರೇನು?

ಡಿಎನ್‌ಎಯ ಮೂರು ಅಕ್ಷರ ಸೇರಿದರೆ ಒಂದು ಕೋಡಾನ್. ಒಟ್ಟು 64 ಕೋಡಾನ್‌ಗಳಿವೆ. ಅವುಗಳಲ್ಲಿ 3 ಪ್ರೋಟೀನ್ ಮುಗಿಯಿತು ಎಂದು ಸೂಚಿಸುತ್ತವೆ. ಉಳಿದ 61 ಕೋಡಾನ್‌ಗಳು 20 ಅಮೈನೋ ಆಮ್ಲಗಳಿಗೆ ಹಂಚಿಹೋಗಿವೆ. ಹಾಗಾಗಿ ಕೆಲವು ಬದಲಾವಣೆಗಳು ಡಿಎನ್‌ಎಯಲ್ಲಿ ಕಾಣುತ್ತವೆ, ಪ್ರೋಟೀನಿನಲ್ಲಿ ಕಾಣುವುದಿಲ್ಲ. ಸಿಟಿಟಿ ಹೋಗಿ ಸಿಟಿಸಿ ಆದರೂ ಬರುವುದು ಲ್ಯೂಸಿನ್ನೇ. ಇದನ್ನು ಮೌನ ಬದಲಾವಣೆ ಎನ್ನೋಣ. ಜಿಎಜಿ ಹೋಗಿ ಜಿಟಿಜಿ ಆದರೆ ಗ್ಲುಟಾಮಿಕ್ ಆಮ್ಲದ ಜಾಗಕ್ಕೆ ವ್ಯಾಲಿನ್ ಬರುತ್ತದೆ. ಸಿಕಲ್ ಸೆಲ್ ಕಾಯಿಲೆಯಲ್ಲಿ ಹಿಮೋಗ್ಲೋಬಿನ್‌ಗೆ ಆಗಿರುವುದು ಇದೇ.

ಮೌನ ಬದಲಾವಣೆಗಳನ್ನು ನಿಸರ್ಗ ಹೆಚ್ಚುಕಡಿಮೆ ಗಮನಿಸುವುದಿಲ್ಲ. ಅವು ತಮ್ಮ ಪಾಡಿಗೆ ತಾವು ಸೇರುತ್ತಾ ಹೋಗುತ್ತವೆ. ಹಾಗಾಗಿ ಅವುಗಳ ವೇಗವನ್ನು ಅಳತೆಗೋಲಾಗಿ ಇಟ್ಟುಕೊಳ್ಳಬಹುದು. ಪ್ರೋಟೀನ್ ಬದಲಿಸುವ ಬದಲಾವಣೆಗಳ ದರವನ್ನು ಮೌನ ಬದಲಾವಣೆಗಳ ದರದಿಂದ ಭಾಗಿಸಿದರೆ ಬರುವ ಸಂಖ್ಯೆಯೇ ಒಮೆಗಾ. ಒಂದಕ್ಕಿಂತ ಕಡಿಮೆ ಇದ್ದರೆ ನಿಸರ್ಗ ಬದಲಾವಣೆಗಳನ್ನು ಸೋಸಿ ಎಸೆಯುತ್ತಿದೆ. ಒಂದರ ಹತ್ತಿರ ಇದ್ದರೆ ಯಾರೂ ಕೇಳುವವರಿಲ್ಲ. ಒಂದಕ್ಕಿಂತ ಜಾಸ್ತಿ ಇದ್ದರೆ ಬದಲಾವಣೆಯಿಂದ ಲಾಭ ಆಗಿರಬೇಕು. ಧನಾತ್ಮಕ ಆಯ್ಕೆ ಎಂದರೆ ಈ ಮೂರನೆಯದು.

ಇಲ್ಲಿ ದರ ಎಂದಿದ್ದೇನೆ, ಸಂಖ್ಯೆ ಎಂದಿಲ್ಲ. ಸುಮ್ನೆ ಎರಡೂ ಬಗೆಯ ಬದಲಾವಣೆ ಎಣಿಸಿ ಭಾಗಿಸಿದರೆ ತಪ್ಪು ಉತ್ತರ ಬರುತ್ತದೆ. ಒಂದು ಕೋಡಾನಿನಲ್ಲಿ ಎಲ್ಲೋ ಒಂದು ಅಕ್ಷರ ಬದಲಾದರೆ ಸುಮಾರು ನಾಲ್ಕರಲ್ಲಿ ಮೂರು ಸಲ ಅಮೈನೋ ಆಮ್ಲವೂ ಬದಲಾಗುತ್ತದೆ. ಹಾಗಾಗಿ ಬದಲಾಗಲು ಇದ್ದ ಅವಕಾಶದಿಂದ ಭಾಗಿಸಿಯೇ ಹೋಲಿಸಬೇಕು. ಸಾಫ್ಟ್‌ವೇರ್ ಇದನ್ನು ನೋಡಿಕೊಳ್ಳುತ್ತದೆ. ಆದರೆ ವೈವಾದಲ್ಲಿ ಈ ಪ್ರಶ್ನೆ ಬರುವುದು ಖಾತ್ರಿ.

ಇಡೀ ಜೀನಿನ ಸರಾಸರಿ ಒಮೆಗಾ ಒಂದನ್ನು ದಾಟುವುದು ಅಪರೂಪ. ಲೈಸೊಜೈಮ್‌ನಲ್ಲಿ 130 ಅಮೈನೋ ಆಮ್ಲಗಳಿವೆ. ಅದರ 8 ಸಿಸ್ಟೀನ್‌ಗಳು ಜೋಡಿಯಾಗಿ 4 ಗಂಟು ಹಾಕಿ ಪ್ರೋಟೀನಿನ ಆಕಾರ ಹಿಡಿದಿವೆ. ಗೋಡೆ ಒಡೆಯುವ ಜಾಗದ ಎರಡು ಆಮ್ಲಗಳನ್ನಂತೂ ಮುಟ್ಟುವಂತೆಯೇ ಇಲ್ಲ. ಇವೆಲ್ಲದರ ಜೊತೆ ಸೇರಿಸಿ ಸರಾಸರಿ ತೆಗೆದರೆ, ನಾಲ್ಕೈದು ಕಡೆ ಆದ ಲಾಭದ ಬದಲಾವಣೆ ಮುಚ್ಚಿಹೋಗುತ್ತದೆ. ಆದ್ದರಿಂದ ಎರಡು ಪ್ರಶ್ನೆ ಬೇರೆಬೇರೆಯಾಗಿ ಕೇಳಬೇಕು: ಪ್ರೋಟೀನಿನ ಯಾವ ಜಾಗದಲ್ಲಿ? ವಂಶವೃಕ್ಷದ ಯಾವ ಕೊಂಬೆಯಲ್ಲಿ?

ಮೊದಲ ಹೆಜ್ಜೆ: ಜೀನಿನ ಅಕ್ಷರ ತರುವುದು

ಅಮೆರಿಕದ ಸರ್ಕಾರಿ ಜೀನ್ ಭಂಡಾರವಾದ ಎನ್‌ಸಿಬಿಐ ತಾಣದ ಜೀನ್ ವಿಭಾಗಕ್ಕೆ ಹೋಗಿ ಎಲ್‌ವೈಝಡ್ ಎಂದು ಹುಡುಕಿ. ಮನುಷ್ಯನ ಲೈಸೊಜೈಮ್ ಜೀನಿನ ಪುಟ ತೆರೆಯುತ್ತದೆ. ಅದು 12ನೇ ಕ್ರೋಮೋಸೋಮ್ ಮೇಲಿದೆ. ಆ ಪುಟದಲ್ಲೇ ಆರ್ಥೋಲಾಗ್ ಎಂಬ ಕೊಂಡಿ ಸಿಗುತ್ತದೆ. ಬೇರೆ ಪ್ರಾಣಿಗಳಲ್ಲಿ ಒಂದೇ ಪೂರ್ವಜ ಜೀನಿನಿಂದ ಬಂದಿರುವ ಇದೇ ಜೀನುಗಳ ಪಟ್ಟಿ ಅದು. ಅಲ್ಲಿಂದ ಬೇಕಾದ ಜಾತಿಗಳನ್ನು ಆರಿಸಿ, ಸಿಡಿಎಸ್ ಭಾಗವನ್ನು ಮಾತ್ರ ಫಾಸ್ಟಾ ರೂಪದಲ್ಲಿ (ಹೆಸರು, ಅಕ್ಷರಗಳಷ್ಟೇ ಇರುವ ಸರಳ ಪಠ್ಯ ಫೈಲ್) ಇಳಿಸಿಕೊಳ್ಳಿ.

ಸಿಡಿಎಸ್ ಎಂದರೆ ಪ್ರೋಟೀನಾಗಿ ಓದಲ್ಪಡುವ ಭಾಗ. ಪ್ರೋಟೀನಿನ ಅಕ್ಷರ ತಂದರೆ ಮೌನ ಬದಲಾವಣೆಗಳು ಕಾಣುವುದೇ ಇಲ್ಲ, ಭಾಗಿಸಲು ಏನೂ ಉಳಿಯುವುದಿಲ್ಲ. ಇಡೀ ಆರ್‌ಎನ್‌ಎ ತಂದರೆ ಹಿಂದೆಮುಂದಿನ ಬೇಡದ ಭಾಗ ಬಂದು ಕೂರುತ್ತದೆ.

ಇಳಿಸಿದ ಕೂಡಲೇ ಉದ್ದ ನೋಡಿ. ಮನುಷ್ಯನ ಎಲ್‌ವೈಝಡ್ ಸಿಡಿಎಸ್ 447 ಅಕ್ಷರ ಇರಬೇಕು. ಅಂದರೆ 148 ಕೋಡಾನ್ (130 ಅಲ್ಲ ಯಾಕೆ ಎಂಬುದು ಆರನೇ ಹೆಜ್ಜೆಯಲ್ಲಿದೆ) ಮತ್ತು ಕೊನೆಯ ಸ್ಟಾಪ್ ಕೋಡಾನ್. ಬೇರೆ ಪ್ರಾಣಿಯದು ಮೂರರಿಂದ ಭಾಗವಾಗದಿದ್ದರೆ ಅಥವಾ ಅರ್ಧಕ್ಕೇ ಮುಗಿದಿದ್ದರೆ ಅದನ್ನು ಪಕ್ಕಕ್ಕಿಡಿ. ದಾಖಲೆಯ ಗುರುತು ಎನ್‌ಎಂ ಎಂದು ಶುರುವಾದರೆ ಅದಕ್ಕೆ ಪ್ರಾಯೋಗಿಕ ಆಧಾರ ಇದೆ. ಎಕ್ಸ್‌ಎಂ ಎಂದು ಶುರುವಾದರೆ ಅದು ಕಂಪ್ಯೂಟರ್ ಊಹಿಸಿದ್ದು. ಕಾಡುಪ್ರಾಣಿಗಳ ಜೀನುಗಳಲ್ಲಿ ಹೆಚ್ಚಿನವು ಎರಡನೆಯ ಬಗೆ. ಅದನ್ನು ಬಳಸಬಾರದು ಎಂದಲ್ಲ. ಆದರೆ ಒಂದೇ ಪ್ರಾಣಿಯಲ್ಲಿ, ಒಂದೇ ಕಡೆ ಸಾಲಾಗಿ ಏಳೆಂಟು ಬದಲಾವಣೆ ಕಂಡರೆ ಅದು ವಿಕಾಸವಲ್ಲ, ಎಕ್ಸಾನ್ (ಜೀನಿನಲ್ಲಿ ಓದಿಗೆ ಉಳಿಯುವ ತುಂಡು) ಗಡಿ ತಪ್ಪಿದ ಊಹೆ ಎಂದು ಮೊದಲು ಅನುಮಾನಪಡಿ.

ಯಾವ ಪ್ರಾಣಿಗಳು ಬೇಕು? ಎಲೆ ತಿನ್ನುವ ಗುಂಪಿನಿಂದ ಕನಿಷ್ಠ ಮೂರ್ನಾಲ್ಕು ಇರಲಿ. ಕೊಲೊಬಸ್, ರೈನೋಪಿಥೆಕಸ್, ಟ್ರಾಕಿಪಿಥೆಕಸ್ ಹೆಸರಿನವುಗಳಿಗೆ ಇಡೀ ಜೀನೋಮ್ ಸಿಗುತ್ತದೆ. ನಮ್ಮ ಮುಸುವನ ಲೈಸೊಜೈಮ್ ಬೇಕೆಂದರೆ ನ್ಯೂಕ್ಲಿಯೊಟೈಡ್ ವಿಭಾಗದಲ್ಲಿ ಸೆಮ್ನೊಪಿಥೆಕಸ್ ಎಂಟೆಲ್ಲಸ್ ಎಂದು ಹುಡುಕಿ. ಹಳೆಯ ಲೇಖನಗಳಲ್ಲಿ ಇದರ ಹೆಸರು ಪ್ರೆಸ್ಬೈಟಿಸ್ ಎಂಟೆಲ್ಲಸ್ ಎಂದಿರುತ್ತದೆ, ಗಾಬರಿ ಬೇಡ. ಹಿಂದೆ ಒಂದೇ ಜಾತಿ ಎಂದುಕೊಂಡಿದ್ದ ಹನುಮಾನ್ ಲಂಗೂರನ್ನು ಈಗ ಹಲವು ಜಾತಿಗಳಾಗಿ ಒಡೆದಿದ್ದಾರೆ. ಹಾಗಾಗಿ ಖಾನಾಪುರದ ಮುಸುವ ಇದೇ ಎಂದು ವರದಿಯಲ್ಲಿ ಬರೆದುಬಿಡಬೇಡಿ. ಆಮೇಲೆ ಎಲೆ ತಿನ್ನದ ಕಡೆಯಿಂದ ರೀಸಸ್ ಕೋತಿ, ಬಬೂನ್, ವರ್ವೆಟ್ ತೆಗೆದುಕೊಳ್ಳಿ. ವಾನರರ ಕಡೆಯಿಂದ ಮನುಷ್ಯ, ಗೊರಿಲ್ಲಾ, ಒರಾಂಗುಟಾನ್, ಗಿಬ್ಬನ್. ಹೊರಗಿನ ಹೋಲಿಕೆಗೆ ದಕ್ಷಿಣ ಅಮೆರಿಕದ ಮಾರ್ಮೊಸೆಟ್. ಮನುಷ್ಯ ಮತ್ತು ಚಿಂಪಾಂಜಿಯ ಲೈಸೊಜೈಮ್ ಪ್ರೋಟೀನ್ ಒಂದೇ ಇರುವುದರಿಂದ ಎರಡನ್ನೂ ಹಾಕಿದರೆ ಹೊಸ ಮಾಹಿತಿ ಹೆಚ್ಚೇನೂ ಬರುವುದಿಲ್ಲ. ಹತ್ತರಿಂದ ಇಪ್ಪತ್ತು ಜಾತಿ ಸಾಕು. ಹದಿನೈದು ಜಾತಿಯ ಫೈಲ್ ಸುಮಾರು 7 ಕೆಬಿ ಆಗುತ್ತದೆ. ಎಷ್ಟೇ ಕೆಟ್ಟ ನೆಟ್‌ವರ್ಕಿನಲ್ಲೂ ಹೋಗುತ್ತದೆ.

ಆಕಳನ್ನು ಇದೇ ಪಟ್ಟಿಗೆ ಸೇರಿಸೋಣ ಎಂದು ಯಾರಿಗಾದರೂ ಅನಿಸುತ್ತದೆ. ಸೇರಿಸಬೇಡಿ. ಆಕಳಿನಲ್ಲಿ ಲೈಸೊಜೈಮ್ ಜೀನ್ ಒಂದಲ್ಲ, ನಕಲಾಗಿ ನಕಲಾಗಿ ಸುಮಾರು 10 ಇವೆ. ಅವುಗಳಲ್ಲಿ ಕೆಲವು ಹೊಟ್ಟೆಯಲ್ಲಿ ಕೆಲಸ ಮಾಡುತ್ತವೆ, ಕೆಲವು ಬೇರೆ ಕಡೆ. ಯಾವುದನ್ನು ಯಾವುದಕ್ಕೆ ಹೋಲಿಸುತ್ತಿದ್ದೇವೆ ಎಂಬುದೇ ಗೊಂದಲವಾಗುತ್ತದೆ. ಹೀಗೆ ಒಂದೇ ಪ್ರಾಣಿಯೊಳಗೆ ನಕಲಾದ ಜೀನುಗಳಿಗೆ ಪ್ಯಾರಲಾಗ್ ಎನ್ನುತ್ತಾರೆ. ಆರ್ಥೋಲಾಗ್ ಪಟ್ಟಿಯೊಳಗೆ ಪ್ಯಾರಲಾಗ್ ನುಸುಳಿದರೆ ಒಮೆಗಾ ಸುಮ್ನೆ ಮೇಲೇರುತ್ತದೆ. ಅನುಮಾನ ಬಂದರೆ ಎನ್ಸೆಂಬಲ್ ತಾಣದಲ್ಲಿ ಅದೇ ಜೀನಿನ ಮರವನ್ನು ತೆರೆದು ನೋಡಿ. ನಕಲಾದ ಕವಲುಗಳನ್ನು ಅಲ್ಲಿ ಬೇರೆ ಬಣ್ಣದಲ್ಲಿ ತೋರಿಸಿರುತ್ತಾರೆ.

ಎರಡನೇ ಹೆಜ್ಜೆ: ಸಾಲು ಹೊಂದಿಸುವುದು

ಇದಕ್ಕೆ ಅಲೈನ್‌ಮೆಂಟ್ ಎನ್ನುತ್ತಾರೆ. ಸುಳ್ಳು ಫಲಿತಾಂಶ ಜಾಸ್ತಿ ಹುಟ್ಟುವ ಜಾಗ ಇದು. ಡಿಎನ್‌ಎಯನ್ನು ನೇರವಾಗಿ ಹೊಂದಿಸಿದರೆ ಸಾಫ್ಟ್‌ವೇರ್ ಕೋಡಾನಿನ ನಡುವೆಯೂ ಖಾಲಿ ಜಾಗ ಬಿಡುತ್ತದೆ. ಆಮೇಲೆ ಓದು ಪೂರಾ ಕೆಡುತ್ತದೆ. ‘ಕಮಲ ಬರಲಿ ನಗಲಿ’ ಎಂಬುದರಿಂದ ಮೊದಲ ಅಕ್ಷರ ತೆಗೆದು ಮತ್ತೆ ಮೂರು ಮೂರಾಗಿ ಓದಿ: ‘ಮಲಬ ರಲಿನ ಗಲಿ’. ಒಂದು ಅಕ್ಷರ ಹೋದದ್ದಕ್ಕೆ ಎಲ್ಲ ಪದವೂ ಹೊಸದಾಯಿತು. ಜೀನಿನಲ್ಲಿ ಹೀಗಾದರೆ ಅಲ್ಲಿಂದ ಮುಂದೆ ಎಲ್ಲ ಅಮೈನೋ ಆಮ್ಲವೂ ಬದಲಾದಂತೆ ಕಾಣುತ್ತದೆ. ಸಾಫ್ಟ್‌ವೇರ್ ಅದನ್ನು ಭರ್ಜರಿ ಧನಾತ್ಮಕ ಆಯ್ಕೆ ಎಂದು ಹೇಳಿಬಿಡುತ್ತದೆ.

ಆದ್ದರಿಂದ ಕ್ರಮ ಹೀಗಿರಲಿ. ಸಿಡಿಎಸ್‌ಗಳನ್ನು ಪ್ರೋಟೀನಾಗಿ ಅನುವಾದಿಸಿ. ಪ್ರೋಟೀನುಗಳನ್ನು ಮ್ಯಾಫ್ಟ್ ಅಥವಾ ಮಸಲ್‌ನಲ್ಲಿ ಹೊಂದಿಸಿ. ಎರಡೂ ಯುರೋಪಿನ ಇಬಿಐ ಸಂಸ್ಥೆಯ ತಾಣದಲ್ಲಿ ಉಚಿತ. ಆಮೇಲೆ ಆ ಪ್ರೋಟೀನ್ ಅಲೈನ್‌ಮೆಂಟ್ ಮತ್ತು ಮೂಲ ಸಿಡಿಎಸ್ ಎರಡನ್ನೂ ಪಾಲ್‌ಟುನಾಲ್ ಎಂಬ ತಾಣಕ್ಕೆ ಕೊಡಿ. ಅದು ಕೋಡಾನ್ ಮುರಿಯದಂತೆ ಡಿಎನ್‌ಎಯನ್ನು ಹೊಂದಿಸಿ ಕೊಡುತ್ತದೆ. ಲ್ಯಾಪ್‌ಟಾಪಿನಲ್ಲಿ ಮೆಗಾ ಸಾಫ್ಟ್‌ವೇರ್ ಇದ್ದವರು ಇದೆಲ್ಲವನ್ನೂ ಅದರಲ್ಲೇ ಮಾಡಬಹುದು, ನೆಟ್ ಇಲ್ಲದಿದ್ದರೂ ನಡೆಯುತ್ತದೆ.

ಕೊನೆಯ ಸ್ಟಾಪ್ ಕೋಡಾನನ್ನು ಎಲ್ಲ ಸಾಲಿನಿಂದಲೂ ತೆಗೆಯಿರಿ. ಮನುಷ್ಯನದು ಈಗ 444 ಅಕ್ಷರ. ಪ್ರಾಣಿಗಳ ಹೆಸರಿನಲ್ಲಿ ಖಾಲಿ ಜಾಗ, ಆವರಣ ಚಿಹ್ನೆ ಬೇಡ. ಮುಂದಿನ ತಾಣ ಫೈಲನ್ನು ತಿರಸ್ಕರಿಸಿದರೆ ಮೊದಲು ನೋಡಬೇಕಾದ್ದು ಇವೆರಡನ್ನೇ.

ಇನ್ನು ಕಣ್ಣಿನಿಂದ ನೋಡಿ. ಹೌದು, ಒಂದೊಂದೇ ಕಾಲಂ. ಲೈಸೊಜೈಮ್ ಚಿಕ್ಕದು, ಚಹಾ ಕುಡಿಯುವಷ್ಟರಲ್ಲಿ ಮುಗಿಯುತ್ತದೆ. ಎಂಟೂ ಸಿಸ್ಟೀನ್‌ಗಳು ಎಲ್ಲ ಪ್ರಾಣಿಯಲ್ಲೂ ಒಂದೇ ಕಾಲಮಿನಲ್ಲಿ ನಿಂತಿವೆಯೇ? ನಿಂತಿದ್ದರೆ ಧೈರ್ಯವಾಗಿ ಮುಂದೆ ಹೋಗಿ.

ಮೂರನೇ ಹೆಜ್ಜೆ: ಮರ

ಜಾತಿಗಳ ವಂಶವೃಕ್ಷ ಬೇಕು. ಡೇಟಾಮಂಕಿ ತಾಣ ತಾನೇ ಒಂದು ಮರ ಕಟ್ಟಿಕೊಳ್ಳುತ್ತದೆ. ಆದರೆ 148 ಕೋಡಾನಿನ ಪುಟ್ಟ ಜೀನಿನಿಂದ ಕಟ್ಟಿದ ಮರ ತಪ್ಪುವ ಸಾಧ್ಯತೆ ಇದೆ. ಕೋತಿ, ವಾನರಗಳ ಸಂಬಂಧ ಚೆನ್ನಾಗಿ ಗೊತ್ತಿರುವುದರಿಂದ ಟೈಮ್‌ಟ್ರೀ ತಾಣದಿಂದ ಜಾತಿಗಳ ಮರ ತಂದು ಕೊಡುವುದೇ ವಾಸಿ. ಮರದಲ್ಲಿನ ಹೆಸರು ಮತ್ತು ಫೈಲಿನ ಹೆಸರು ಅಕ್ಷರಶಃ ಒಂದೇ ಇರಲಿ.

ನಾಲ್ಕನೇ ಹೆಜ್ಜೆ: ಡೇಟಾಮಂಕಿ

ಮಂಗಗಳ ಜೀನನ್ನು ಡೇಟಾಮಂಕಿಗೆ ಕೊಡುವುದು ತಮಾಷೆ ಅನಿಸಬಹುದು, ಆದರೆ ಹೆಸರು ನಿಜವಾಗಿಯೂ ಅದೇ. ಹೈಫೈ ಎಂಬ ಸಾಫ್ಟ್‌ವೇರಿನ ವಿಧಾನಗಳನ್ನು ಇಲ್ಲಿ ಯಾರು ಬೇಕಾದರೂ ಉಚಿತವಾಗಿ ನಡೆಸಬಹುದು. ಲೆಕ್ಕ ಅವರ ಸರ್ವರಿನಲ್ಲಿ ನಡೆಯುತ್ತದೆ. ನಡುವೆ ಇಲ್ಲಿ ಕರೆಂಟ್ ಹೋದರೂ ಅದು ನಿಲ್ಲುವುದಿಲ್ಲ. ಫಲಿತಾಂಶದ ಪುಟದ ಕೊಂಡಿಯನ್ನು ಬರೆದಿಟ್ಟುಕೊಂಡರೆ ಸಾಕು.

ತಾಣದಲ್ಲಿ ಬಹಳ ವಿಧಾನಗಳಿವೆ, ಹೊಸಬರು ಎಲ್ಲವನ್ನೂ ಒತ್ತುತ್ತಾರೆ. ಎಲ್ಲ ಒತ್ತಿ, ಚೆನ್ನಾಗಿ ಬಂದದ್ದನ್ನು ಮಾತ್ರ ವರದಿಗೆ ಹಾಕುವುದು ಮೋಸ. ಮೊದಲು ನಿಮ್ಮ ಪ್ರಶ್ನೆ ಬರೆದುಕೊಳ್ಳಿ. ನಮ್ಮ ಪ್ರಶ್ನೆ: ಎಲೆ ತಿನ್ನುವ ಕೋತಿಗಳ ಪೂರ್ವಜ ಕೊಂಬೆಯಲ್ಲಿ ಧನಾತ್ಮಕ ಆಯ್ಕೆ ನಡೆದಿತ್ತೇ? ಇದು ಕೊಂಬೆಯ ಪ್ರಶ್ನೆ. ಇದಕ್ಕೆ ಎಬಿಎಸ್‌ರೆಲ್ ಎಂಬ ವಿಧಾನ.

ಫೈಲ್ ಹಾಕಿ, ಜೆನೆಟಿಕ್ ಕೋಡ್ ಸಾರ್ವತ್ರಿಕ ಎಂದು ಆರಿಸಿ. ಆಮೇಲೆ ಮರದ ಚಿತ್ರ ಬರುತ್ತದೆ. ಅಲ್ಲಿ ಪರೀಕ್ಷೆಯ ಕೊಂಬೆಯನ್ನು ಒತ್ತಿ ಗುರುತಿಸಬೇಕು. ಎಷ್ಟೋ ಜನ ಇಲ್ಲಿ ಎಲೆ ತಿನ್ನುವ ಎಲ್ಲ ಪ್ರಾಣಿಗಳ ತುದಿ ಕೊಂಬೆಗಳನ್ನು ಒತ್ತುತ್ತಾರೆ. ನಮ್ಮ ಪ್ರಶ್ನೆ ಪೂರ್ವಜನದು. ಹಾಗಾಗಿ ಆ ಗುಂಪೆಲ್ಲ ಕವಲೊಡೆಯುವ ಮೊದಲಿನ ಆ ಒಂದೇ ಒಳಕೊಂಬೆಯನ್ನು ಒತ್ತಬೇಕು. ಎಲ್ಲ ಕೊಂಬೆಯನ್ನೂ ಪರೀಕ್ಷಿಸು ಎಂದರೂ ತಾಣ ಮಾಡುತ್ತದೆ. ಆದರೆ ಜಾಸ್ತಿ ಪರೀಕ್ಷೆ ಮಾಡಿದಷ್ಟೂ ಅದೃಷ್ಟದಿಂದ ಗೆಲ್ಲುವ ಕೊಂಬೆಗಳೂ ಜಾಸ್ತಿ. ಅದಕ್ಕಾಗಿ ಅದು ಪಿ ಬೆಲೆಯನ್ನು (ಆಯ್ಕೆ ಇಲ್ಲದೆಯೂ ಅದೃಷ್ಟದಿಂದಲೇ ಇಂಥ ಫಲಿತಾಂಶ ಬರುವ ಸಾಧ್ಯತೆ) ಬಿಗಿ ಮಾಡುತ್ತದೆ, ಮತ್ತು ನಿಜವಾದ ಸಂಕೇತವೂ ಆ ಬಿಗಿಯಲ್ಲಿ ಸೋಲಬಹುದು. ಮೊದಲೇ ಕಾರಣ ಹೇಳಿ ಒಂದು ಕೊಂಬೆ ಆರಿಸಿದವರಿಗೆ ಇಲ್ಲಿ ಲಾಭ.

ಜಾಗದ ಪ್ರಶ್ನೆಗೆ ಮೀಮ್ ಮತ್ತು ಫೆಲ್ ಇವೆ. ಇಡೀ ಮರದ ಉದ್ದಕ್ಕೂ ಒಂದೇ ಜಾಗ ಮತ್ತೆ ಮತ್ತೆ ಬದಲಾಗಿದ್ದರೆ ಫೆಲ್ ಹಿಡಿಯುತ್ತದೆ. ವೈರಸ್ ಜೊತೆ ಸದಾ ಸೆಣಸುವ ರೋಗನಿರೋಧಕ ಜೀನುಗಳಲ್ಲಿ ಹೀಗಾಗುತ್ತದೆ. ಒಂದೆರಡು ಕೊಂಬೆಯಲ್ಲಿ ಮಾತ್ರ ಒಮ್ಮೆ ಜೋರಾಗಿ ಬದಲಾಗಿ ಆಮೇಲೆ ಸುಮ್ಮನಾಗಿದ್ದರೆ ಮೀಮ್ ಹಿಡಿಯುತ್ತದೆ. ಲೈಸೊಜೈಮ್ ಕಥೆ ಎರಡನೇ ಬಗೆಯದು. ಫ್ಯೂಬಾರ್ ಎಂಬುದು ಫೆಲ್ ಕೆಲಸವನ್ನೇ ದೊಡ್ಡ ಫೈಲುಗಳಲ್ಲಿ ಬೇಗ ಮಾಡುತ್ತದೆ. ಅದು ಪಿ ಬೆಲೆ ಕೊಡುವುದಿಲ್ಲ, ಸಂಭವನೀಯತೆ ಕೊಡುತ್ತದೆ. 0.9 ದಾಟಿದರೆ ಗಮನಿಸಿ. ಇಡೀ ಜೀನಿನಲ್ಲಿ ಎಲ್ಲಾದರೂ ಆಯ್ಕೆ ನಡೆದಿದೆಯೇ ಎಂದಷ್ಟೇ ಕೇಳುವುದಾದರೆ ಬಸ್ಟೆಡ್. ಇವೆಲ್ಲಕ್ಕೂ ಮೊದಲು ಗಾರ್ಡ್ ಎಂಬುದನ್ನು ನಡೆಸಿ, ಜೀನಿನೊಳಗೆ ತುಂಡುಗಳು ಅದಲುಬದಲಾಗಿವೆಯೇ ನೋಡಿ. ಅದಲುಬದಲಾಗಿದ್ದರೆ ಒಂದೇ ಮರ ಇಡೀ ಜೀನಿಗೆ ಹೊಂದುವುದಿಲ್ಲ.

ಯಾಂಗ್ ಜೀಹೆಂಗ್ ಬರೆದ ಪಾಮ್ಲ್ ಹಳೆಯದು, ಗಟ್ಟಿಯಾದದ್ದು. ಅದನ್ನು ಇಳಿಸಿಕೊಂಡು ನಡೆಸಬೇಕು. ಅದರ ಜೊತೆ ಬರುವ ಉದಾಹರಣೆ ಫೈಲುಗಳಲ್ಲಿ ಈ ಲೈಸೊಜೈಮ್ ಡೇಟಾ ಕೂಡ ಇದೆ, ಕಲಿಯುವವರಿಗೆ ಬಹಳ ಉಪಯೋಗ. ಅಲ್ಲಿ ಆಯ್ಕೆ ಇಲ್ಲ ಎನ್ನುವ ಮಾದರಿಗೂ ಇದೆ ಎನ್ನುವ ಮಾದರಿಗೂ ಒಂದೊಂದು ಅಂಕ ಬರುತ್ತದೆ. ಎಂ7 ಮಾದರಿಗೆ −1043.2, ಎಂ8 ಮಾದರಿಗೆ −1038.1 ಬಂತು ಎಂದಿಟ್ಟುಕೊಳ್ಳಿ. ವ್ಯತ್ಯಾಸ 5.1, ಎರಡರಿಂದ ಗುಣಿಸಿದರೆ 10.2. ಶೇಕಡಾ 5ರ ಮಟ್ಟಕ್ಕೆ 5.99 ದಾಟಿದರೆ ಸಾಕು. ದಾಟಿದೆ, ಆಯ್ಕೆ ಇದೆ ಎನ್ನುವ ಮಾದರಿ ಗೆದ್ದಿತು. ಲೆಕ್ಕ ಇಷ್ಟೇ.

ಐದನೇ ಹೆಜ್ಜೆ: ಉತ್ತರವನ್ನು ಅನುಮಾನಿಸುವುದು

ಮೀಮ್, ಫೆಲ್‌ಗಳಲ್ಲಿ ಸಾಮಾನ್ಯವಾಗಿ ಬಳಸುವ ಗಡಿ ಪಿ 0.1. ಹಾಗಾದರೆ 148 ಜಾಗದಲ್ಲಿ ಅದೃಷ್ಟದಿಂದಲೇ ಸುಮಾರು 15 ಗೆಲ್ಲಬೇಕಲ್ವಾ? ನಿಜದಲ್ಲಿ ಅಷ್ಟು ಗೆಲ್ಲುವುದಿಲ್ಲ, ಯಾಕೆಂದರೆ ಹೆಚ್ಚಿನ ಜಾಗಗಳು ಬದಲಾಗಲು ಬಿಡದ ಬಿಗಿಯಲ್ಲಿವೆ. ಆದರೂ ಒಂದೆರಡು ಜಾಗ ಗಡಿಯ ಹತ್ತಿರ ಸಿಕ್ಕ ಮಾತ್ರಕ್ಕೆ ಕುಣಿಯಬೇಡಿ. ಆ ಜಾಗದ ಕೋಡಾನುಗಳನ್ನು ಅಲೈನ್‌ಮೆಂಟಿನಲ್ಲಿ ಮತ್ತೆ ನೋಡಿ. ಪಕ್ಕದಲ್ಲಿ ಖಾಲಿ ಜಾಗಗಳಿದ್ದರೆ ಅದು ಬಹುಶಃ ಸಾಲು ತಪ್ಪಿದ್ದು.

ಏನೂ ಸಿಗದಿದ್ದರೆ? ಅದೂ ಆಗಬಹುದು. ಲೈಸೊಜೈಮ್ ಚಿಕ್ಕ ಜೀನ್, ಜಾತಿಗಳೂ ಕಡಿಮೆ. ಇಷ್ಟು ಮಾಹಿತಿಗೆ ಪರೀಕ್ಷೆಯ ಶಕ್ತಿ ಸಾಲದೇ ಹೋಗಬಹುದು. ಆಯ್ಕೆಯ ಗುರುತು ಸಿಗಲಿಲ್ಲ ಎಂದು ಬರೆಯಿರಿ, ಆಯ್ಕೆ ನಡೆದಿಲ್ಲ ಎಂದು ಬರೆಯಬೇಡಿ. ಎರಡಕ್ಕೂ ಬಹಳ ವ್ಯತ್ಯಾಸ ಇದೆ.

ಇನ್ನೊಂದು ಬಲೆ ಇದೆ, ಇದು ಸೂಕ್ಷ್ಮ. ಒಂದು ಜೀನ್ ಕೆಲಸಕ್ಕೆ ಬಾರದಂತಾದರೆ ನಿಸರ್ಗ ಅದನ್ನು ಕಾಯುವುದನ್ನು ಬಿಡುತ್ತದೆ. ಆಗ ಒಮೆಗಾ 0.2ರಿಂದ 0.9ಕ್ಕೆ ಏರುತ್ತದೆ. ಏರಿದೆ ನಿಜ, ಆದರೆ ಇದು ಲಾಭದ ಆಯ್ಕೆಯಲ್ಲ, ಕಾವಲು ಸಡಿಲವಾದದ್ದು. ಬೇರೆ ಕೊಂಬೆಗಿಂತ ಜಾಸ್ತಿ ಎಂಬುದೂ ಒಂದಕ್ಕಿಂತ ಜಾಸ್ತಿ ಎಂಬುದೂ ಬೇರೆಬೇರೆ. ಇದನ್ನು ಬೇರ್ಪಡಿಸಲು ಡೇಟಾಮಂಕಿಯಲ್ಲೇ ರಿಲ್ಯಾಕ್ಸ್ ಇದೆ. ಅದು ಕೆ ಎಂಬ ಸಂಖ್ಯೆ ಕೊಡುತ್ತದೆ. ಪಿ ಬೆಲೆ ಗಡಿಯೊಳಗಿದ್ದು, ಕೆ ಒಂದಕ್ಕಿಂತ ಕಡಿಮೆ ಇದ್ದರೆ ಸಡಿಲ, ಜಾಸ್ತಿ ಇದ್ದರೆ ಆಯ್ಕೆ ಬಿಗಿಯಾಗಿದೆ.

ನನ್ನ ಪ್ರಕಾರ ಪ್ರತಿ ಪ್ರಾಜೆಕ್ಟಿನಲ್ಲೂ ಒಂದು ಪೆದ್ದು ಜೀನ್ ಇರಬೇಕು. ಡಿಎನ್‌ಎ ಸುತ್ತಿಕೊಳ್ಳುವ ಪ್ರೋಟೀನುಗಳಲ್ಲೊಂದಾದ ಹಿಸ್ಟೋನ್ ಎಚ್4 ತೆಗೆದುಕೊಳ್ಳಿ. ಆಕಳಿಗೂ ಬಟಾಣಿ ಗಿಡಕ್ಕೂ ಈ ಪ್ರೋಟೀನಿನ 102 ಅಮೈನೋ ಆಮ್ಲಗಳಲ್ಲಿ ವ್ಯತ್ಯಾಸ 2 ಮಾತ್ರ. ನೀವು ಅದೇ ಹೆಜ್ಜೆಗಳಲ್ಲಿ ಇದನ್ನು ನಡೆಸಿದಾಗಲೂ ಧನಾತ್ಮಕ ಆಯ್ಕೆ ಸಿಕ್ಕಿತು ಎಂದಾದರೆ ನಿಮ್ಮ ಫೈಲಿನಲ್ಲಿ ಏನೋ ಕೆಟ್ಟಿದೆ. ಇದೊಂದು ನಕಲು ನಕಲಾಗಿರುವ ಜೀನ್, ಆರ್ಥೋಲಾಗ್ ಆರಿಸುವ ಅಭ್ಯಾಸವೂ ಆಗುತ್ತದೆ.

ಆರನೇ ಹೆಜ್ಜೆ: ಪ್ರೋಟೀನಿನ ಮೇಲೆ ಗುರುತು ಹಾಕುವುದು

ಸಿಕ್ಕ ಜಾಗ ಪ್ರೋಟೀನಿನ ಯಾವ ಭಾಗದಲ್ಲಿದೆ ಎಂದು ನೋಡಲು ಯೂನಿಪ್ರಾಟ್‌ಗೆ ಹೋಗಿ. ಮನುಷ್ಯನ ಲೈಸೊಜೈಮ್ ದಾಖಲೆ ಪಿ61626. ಇಲ್ಲಿ ಎಣಿಕೆಯ ತೊಡಕು ಬರುತ್ತದೆ. ಪ್ರೋಟೀನ್ ತಯಾರಾಗುವಾಗ 148 ಅಮೈನೋ ಆಮ್ಲ ಇರುತ್ತದೆ. ಮೊದಲ 18 ಸಿಗ್ನಲ್ ಭಾಗ, ಕತ್ತರಿಸಿ ಹೋಗುತ್ತದೆ. ಉಳಿಯುವುದು 130. ಲೈಸೊಜೈಮ್ ಬಗೆಗಿನ ಹಳೆಯ ಲೇಖನಗಳೆಲ್ಲ ಈ 130ರ ಎಣಿಕೆ ಬಳಸುತ್ತವೆ. ಮನುಷ್ಯನಲ್ಲಿ ಕೆಲಸ ಮಾಡುವ ಎರಡು ಆಮ್ಲಗಳು ಆ ಎಣಿಕೆಯಲ್ಲಿ 35 ಮತ್ತು 53. ಯೂನಿಪ್ರಾಟ್‌ನಲ್ಲಿ ಅವೇ 53 ಮತ್ತು 71. ನೋಡಿ, 53 ಎಂಬ ಸಂಖ್ಯೆ ಎರಡೂ ಕಡೆ ಬಂದಿದೆ, ಎರಡೂ ಬೇರೆ ಬೇರೆ ಆಮ್ಲ! ನಿಮ್ಮ ಅಲೈನ್‌ಮೆಂಟಿನಲ್ಲಿ ಖಾಲಿ ಕಾಲಂ ಇದ್ದರೆ ಮೂರನೇ ಎಣಿಕೆಯೂ ಸೇರುತ್ತದೆ. ಒಂದು ಕೋಷ್ಟಕ ಮಾಡಿ ಮೂರನ್ನೂ ಪಕ್ಕಪಕ್ಕ ಬರೆದುಕೊಳ್ಳಿ.

ಆಕಾರ ನೋಡಲು ಪಿಡಿಬಿ ತಾಣದಲ್ಲಿ 1ಎಲ್‌ಝಡ್1 ಎಂದು ಹುಡುಕಿ. ಎಕ್ಸ್‌ರೇಯಿಂದ ಕಂಡುಹಿಡಿದ ಮನುಷ್ಯನ ಲೈಸೊಜೈಮ್ ಆಕಾರ ಅದು. ಬ್ರೌಸರಿನಲ್ಲೇ ತಿರುಗಿಸಿ ನೋಡಬಹುದು. ಎಲೆ ತಿನ್ನುವ ಕೋತಿಗಳಲ್ಲಿ, ಮೆಲುಕು ಹಾಕುವ ಪ್ರಾಣಿಗಳಲ್ಲಿ ಹೊಟ್ಟೆಯ ಲೈಸೊಜೈಮ್‌ನ ಅರ್ಜಿನಿನ್ ಕಡಿಮೆಯಾಗಿದೆ. ನೀವು ಕಂಡ ಬದಲಾವಣೆ ಪ್ರೋಟೀನಿನ ಮೇಲ್ಮೈಯಲ್ಲಿದ್ದು, ಅರ್ಜಿನಿನ್ ಜಾಗಕ್ಕೆ ಲೈಸಿನ್‌ನಂಥದ್ದು ಬಂದಿದ್ದರೆ ಹೊಟ್ಟೆಯಲ್ಲಿ ಬಾಳಿಕೆ ಬರುವ ಕಥೆಗೆ ಹೊಂದುತ್ತದೆ. ಕೆಲಸದ ಜಾಗದ 35 ಅಥವಾ 53ರಲ್ಲೇ ಬದಲಾವಣೆ ಕಂಡರೆ ಕಥೆ ಕಟ್ಟುವ ಮೊದಲು ಅಕ್ಷರಗಳನ್ನು ಮತ್ತೆ ಪರೀಕ್ಷಿಸಿ.

ಅಂದಹಾಗೆ, 1997ರ ಅಧ್ಯಯನದಲ್ಲಿ ಇನ್ನೊಂದು ಅಚ್ಚರಿ ಇತ್ತು. ಮನುಷ್ಯ ಮತ್ತು ಇತರ ವಾನರರ ಪೂರ್ವಜ ಕೊಂಬೆಯಲ್ಲೂ ಆಯ್ಕೆಯ ಗುರುತು ಸಿಕ್ಕಿತು. ನಮ್ಮ ಹೊಟ್ಟೆಯಲ್ಲಿ ಎಲೆ ಹುದುಗುವುದಿಲ್ಲ. ಅಂಕಿ ಸಿಕ್ಕಿದ ಕಡೆಯೆಲ್ಲ ಕಾರಣವೂ ಸಿಗುತ್ತದೆ ಎಂದೇನೂ ಇಲ್ಲ.

ಹಾಲಿನ ಪ್ರಶ್ನೆಗೆ ಈ ದಾರಿ ಬೇಡ

ಇಲ್ಲಿಯವರೆಗಿನ ವಿಧಾನ ಜಾತಿ ಜಾತಿಗಳ ನಡುವಿನದು, ಲಕ್ಷಾಂತರ ವರ್ಷಗಳದ್ದು. ಒಂದೇ ಜಾತಿಯೊಳಗೆ, ಜನರ ನಡುವೆ ಒಮೆಗಾ ಲೆಕ್ಕ ಹಾಕಬೇಡಿ. ಜನರ ನಡುವಿನ ವ್ಯತ್ಯಾಸಗಳು ಇನ್ನೂ ಗೆದ್ದೂ ಇಲ್ಲ, ಸೋತೂ ಇಲ್ಲ.

ದೊಡ್ಡವರಾದ ಮೇಲೂ ಹಾಲು ಅರಗಿಸಿಕೊಳ್ಳುವ ಶಕ್ತಿ ಇದಕ್ಕೆ ಒಳ್ಳೆ ಉದಾಹರಣೆ. ಲ್ಯಾಕ್ಟೇಸ್ ಪ್ರೋಟೀನ್ ಎಲ್ಲರಲ್ಲೂ ಒಂದೇ. ಬದಲಾದದ್ದು ಅದರಿಂದ 13,910 ಅಕ್ಷರ ಹಿಂದೆ, ಪಕ್ಕದ ಎಂಸಿಎಂ6 ಜೀನಿನ ಇಂಟ್ರಾನ್ (ಪ್ರೋಟೀನಾಗಿ ಓದಲ್ಪಡದ ನಡುವಿನ ತುಂಡು) ಒಳಗಿರುವ ಒಂದೇ ಅಕ್ಷರ. ಒಮೆಗಾಕ್ಕೆ ಇದು ಕಾಣುವುದೇ ಇಲ್ಲ. ಎನ್ಸೆಂಬಲ್‌ನಲ್ಲಿ ಆರ್‌ಎಸ್4988235 ಎಂದು ಹುಡುಕಿ, ಜನಸಮುದಾಯಗಳ ಪುಟ ತೆರೆಯಿರಿ. ಲೇಖನಗಳಲ್ಲಿ ಸಿ ಹೋಗಿ ಟಿ ಬಂತು ಎಂದಿರುತ್ತದೆ, ಇಲ್ಲಿ ಜಿ ಹೋಗಿ ಎ ಎಂದಿರುತ್ತದೆ. ಎರಡೂ ಒಂದೇ, ಡಿಎನ್‌ಎಯ ಎದುರುಬದುರು ಎಳೆಗಳು.

ಅಲ್ಲಿ ಕಾಣುವ ಅಂಕಿಗಳು 1000 ಜೀನೋಮ್ಸ್ ಯೋಜನೆಯವು. ಒಟ್ಟು 2,504 ಜನ, 26 ಸಮುದಾಯ. ದಕ್ಷಿಣ ಏಷ್ಯಾದವರು 489 ಜನ: ಹ್ಯೂಸ್ಟನ್‌ನ ಗುಜರಾತಿಗಳು, ಲಾಹೋರಿನ ಪಂಜಾಬಿಗಳು, ಬಾಂಗ್ಲಾದೇಶದ ಬಂಗಾಳಿಗಳು, ಬ್ರಿಟನ್ನಿನ ತೆಲುಗರು ಮತ್ತು ಶ್ರೀಲಂಕಾ ತಮಿಳರು. ಕನ್ನಡಿಗರ ಗುಂಪು ಇಲ್ಲ. ತೆಲುಗರ ಅಂಕಿಯನ್ನು ತಂದು ವಿಜಯಪುರದವರದು ಎಂದು ಬರೆಯುವಂತಿಲ್ಲ. ಭಾರತದಲ್ಲಿ ಈ ಬದಲಾವಣೆ ಇದೆ, ಅದರ ಮೂಲ ಯುರೋಪಿನದಕ್ಕೂ ಒಂದೇ ಎಂದು 2012ರ ಅಧ್ಯಯನ ತೋರಿಸಿದೆ. ಒಂದು ಕಡೆ ಜಾಸ್ತಿ, ಇನ್ನೊಂದು ಕಡೆ ಕಡಿಮೆ ಎಂಬುದಷ್ಟೇ ಆಯ್ಕೆಗೆ ಸಾಕ್ಷಿಯಲ್ಲ. ವಲಸೆಯಿಂದಲೂ ಹಾಗಾಗುತ್ತದೆ. ಅಕ್ಷರದ ಸುತ್ತ ಉದ್ದನೆಯ ಡಿಎನ್‌ಎ ತುಂಡು ಒಡೆಯದೆ ಬಹಳ ಜನರಲ್ಲಿ ಒಂದೇ ಥರ ಇದ್ದರೆ, ಅದು ಬೇಗ ಹರಡಿದೆ ಎಂದರ್ಥ. ಆ ಪರೀಕ್ಷೆಗಳನ್ನು ಮನುಷ್ಯರಿಗಾಗಿ ಮೊದಲೇ ಲೆಕ್ಕ ಹಾಕಿಟ್ಟ ಪಾಪ್‌ಹ್ಯೂಮನ್ ಎಂಬ ಬ್ರೌಸರ್ ಇದೆ.

ಜಾತಿಯ ಒಳಗಿನದನ್ನೂ ಹೊರಗಿನದನ್ನೂ ಸೇರಿಸುವ ಒಂದು ಚಂದದ ಲೆಕ್ಕ ಮೆಕ್‌ಡೊನಾಲ್ಡ್ ಮತ್ತು ಕ್ರೈಟ್‌ಮನ್ 1991ರಲ್ಲಿ ಹಣ್ಣುನೊಣದ ಎಡಿಎಚ್ ಜೀನಿನ ಮೇಲೆ ಮಾಡಿದ್ದು. ಜಾತಿಗಳ ನಡುವೆ ಪ್ರೋಟೀನ್ ಬದಲಿಸಿದವು 7, ಮೌನವಾದವು 17. ಜಾತಿಯೊಳಗೆ 2 ಮತ್ತು 42. ಆಯ್ಕೆ ಇಲ್ಲದಿದ್ದರೆ ಎರಡೂ ಅನುಪಾತ ಹೆಚ್ಚುಕಡಿಮೆ ಒಂದೇ ಇರಬೇಕಿತ್ತು. ಒಂದು 0.41, ಇನ್ನೊಂದು 0.05. ಕಾಗದದ ಮೇಲೆ ಮಾಡಿ ಮುಗಿಸಬಹುದಾದ ಲೆಕ್ಕ. ಐಎಂಕೆಟಿ ಎಂಬ ತಾಣ ಇದನ್ನೇ ನಿಮ್ಮ ಫೈಲಿನ ಮೇಲೆ ಮಾಡಿಕೊಡುತ್ತದೆ.

ಜೋಳದ ಮೇಲೆ ಪ್ರಾಜೆಕ್ಟ್ ಮಾಡುವವರಿಗೆ ಒಂದು ಮಾತು. ಹಿಂಗಾರಿ ಜೋಳವನ್ನು ಹೀಗೆ ಮಾಡಿದ್ದು ರೈತರ ಆಯ್ಕೆ, ಅದೂ ಕೆಲವು ಸಾವಿರ ವರ್ಷಗಳಲ್ಲಿ. ಕೋಡಾನ್ ಲೆಕ್ಕಕ್ಕೆ ಈ ಅವಧಿ ಸಾಲದು. ಕಾಡು ಜೋಳಕ್ಕೆ ಹೋಲಿಸಿದರೆ ಊರ ಜೋಳದಲ್ಲಿ ಎಲ್ಲಿ ವೈವಿಧ್ಯ ಕುಸಿದಿದೆ ಎಂದು ಹುಡುಕಬೇಕು. ಎನ್ಸೆಂಬಲ್ ಪ್ಲಾಂಟ್ಸ್‌ನಲ್ಲಿ ಜೋಳದ ಜೀನೋಮ್ ಇದೆ, ಅಲ್ಲಿಂದ ಶುರು ಮಾಡಿ.

ವರದಿಯಲ್ಲಿ ಏನಿರಬೇಕು?

ಪ್ರತಿ ಜಾತಿಯ ದಾಖಲೆ ಸಂಖ್ಯೆ, ಇಳಿಸಿದ ದಿನಾಂಕ, ಅಲೈನ್‌ಮೆಂಟ್ ಫೈಲ್, ಮರದ ಫೈಲ್, ಗುರುತಿಸಿದ ಕೊಂಬೆಯ ಚಿತ್ರ, ವಿಧಾನದ ಹೆಸರು, ಗಡಿ. ಬಿಟ್ಟ ಜಾತಿಗಳು ಮತ್ತು ಬಿಟ್ಟ ಕಾರಣವೂ ಇರಲಿ. ಡೇಟಾಮಂಕಿ ಫಲಿತಾಂಶವನ್ನು ಜೇಸನ್ ಫೈಲಾಗಿ ಇಳಿಸಿಟ್ಟುಕೊಳ್ಳಿ, ಕೊಂಡಿ ಸದಾ ಇರುತ್ತದೆ ಎಂದು ನಂಬಬೇಡಿ.

ತೀರ್ಮಾನದ ವಾಕ್ಯ ಈ ಅಳತೆಯಲ್ಲಿರಲಿ: ‘ಎಲೆ ತಿನ್ನುವ ಕೋತಿಗಳ ಪೂರ್ವಜ ಕೊಂಬೆಯಲ್ಲಿ, ನಾವು ಮೊದಲೇ ಆರಿಸಿದ್ದ ಒಂದೇ ಪರೀಕ್ಷೆಯಲ್ಲಿ, ಎಲ್‌ವೈಝಡ್ ಜೀನಿನ ಕೆಲವು ಕೋಡಾನುಗಳಲ್ಲಿ ಒಮೆಗಾ ಒಂದಕ್ಕಿಂತ ಜಾಸ್ತಿ ಇರುವುದಕ್ಕೆ ಆಧಾರ ಸಿಕ್ಕಿದೆ.’ ಇದರ ಮುಂದೆ ನಿಮ್ಮ ಪಿ ಬೆಲೆ ಬರೆಯಿರಿ. ಆ ಬದಲಾವಣೆಯಿಂದ ಪ್ರೋಟೀನ್ ನಿಜವಾಗಿಯೂ ಆಮ್ಲದಲ್ಲಿ ಚೆನ್ನಾಗಿ ಬಾಳುತ್ತದೆಯೇ ಎನ್ನುವುದನ್ನು ಪ್ರಯೋಗಾಲಯದವರಿಗೆ ಬಿಡಿ.